ದಿಕ್ಸೂಚಿಯ ಪಾಠಕ್ಕೆ ತಪ್ಪಿಲ್ಲದ ಚಿತ್ರ ಆರಿಸುವುದು ಹೇಗೆ

ದಿಕ್ಸೂಚಿಯ ಚಿತ್ರ ಬೇಕೆಂದು ಹುಡುಕಿದರೆ ಮೊದಲು ಕಣ್ಣಿಗೆ ಬೀಳುವವು ಬಹುಪಾಲು ಅಲಂಕಾರದ ಚಿತ್ರಗಳು: ಹಳದಿಗಟ್ಟಿದ ನಕಾಶೆ, ಅದರ ಮೇಲೊಂದು ಹಿತ್ತಾಳೆಯ ಡಬ್ಬಿ, ಪಕ್ಕದಲ್ಲಿ ಹಗ್ಗದ ಸುರುಳಿ. ಮುಖಪುಟಕ್ಕೆ ಅಡ್ಡಿಯಿಲ್ಲ. ಪಾಠದ ಒಳಗೆ ಬರುವ ಚಿತ್ರದಲ್ಲಿ ಮಾತ್ರ ಸೂಜಿಯ ಬಣ್ಣ, ಅಕ್ಷರದ ಜಾಗ, ಅಂಕಿಗಳು ಸಾಗುವ ದಿಕ್ಕು ಎಲ್ಲವನ್ನೂ ಓದುಗರು ನಿಜವೆಂದೇ ತೆಗೆದುಕೊಳ್ಳುತ್ತಾರೆ. ಆದ್ದರಿಂದ ಚಿತ್ರ ಚೆನ್ನಾಗಿದೆಯೇ ಎಂದು ಕೇಳುವ ಮೊದಲು, ಕೈಯಲ್ಲಿರುವ ಉಪಕರಣವನ್ನು ಓದಿದ ಹಾಗೆ ಅದನ್ನು ಓದಿ ನೋಡಬೇಕು. ಅದಕ್ಕೆ ಒಂದು ಕೋನಮಾಪಕ, ಒಂದು ಭೂತಗನ್ನಡಿ, ಸಾಧ್ಯವಾದರೆ ಒಂದು ನಿಜವಾದ ದಿಕ್ಸೂಚಿ ಸಾಕು.

ಯಾವ ದಿಕ್ಸೂಚಿ ಎಂದು ಮೊದಲು ತೀರ್ಮಾನಿಸಿ

ಕಂಪಾಸ್ ಎಂದೊಡನೆ ನಮಗೆ ನೆನಪಾಗುವುದು ಕೈವಾರವಿರುವ ಡಬ್ಬಿ. ಇಂಗ್ಲಿಷಿನಲ್ಲೂ ಆ ಪದಕ್ಕೆ ಎರಡೂ ಅರ್ಥ ಇರುವುದರಿಂದ ಬರೀ ಅಷ್ಟನ್ನೇ ಹುಡುಕಿದರೆ ಕೈವಾರ, ಕಾರು, ಆ್ಯಪ್‌ಗಳ ಗುರುತು ಎಲ್ಲವೂ ಒಟ್ಟಿಗೆ ಬಂದು ಬೀಳುತ್ತವೆ. 'ಮ್ಯಾಗ್ನೆಟಿಕ್', 'ಬೇಸ್‌ಪ್ಲೇಟ್', 'ಪ್ರಿಸ್ಮ್ಯಾಟಿಕ್', 'ಮರೀನರ್ಸ್' ಎಂಬ ವಿಶೇಷಣ ಸೇರಿಸಿ ಹುಡುಕಿ.

ಕಾಂತೀಯತೆಯ ಪಾಠಕ್ಕೆ ಚಿಕ್ಕ ಗುಂಡು ಡಬ್ಬಿಯೊಳಗೆ ಮೊನೆಯ ಮೇಲೆ ಕುಳಿತ ಸೂಜಿ ಇರುವ ಸಾದಾ ದಿಕ್ಸೂಚಿ ಸಾಕು; ಅಂಕಿಗಳು ಇಲ್ಲದಿದ್ದರೆ ಇನ್ನೂ ಒಳ್ಳೆಯದು. ನಕಾಶೆ ಓದುವ ಪಾಠಕ್ಕೆ ಪಾರದರ್ಶಕ ತಳವಿರುವ ಬೇಸ್‌ಪ್ಲೇಟ್ ದಿಕ್ಸೂಚಿಯೇ ಬೇಕು. ಹಡಗಿನ ದಿಕ್ಸೂಚಿಯಲ್ಲಿ ಮೇಲಿಂದ ನೋಡಿದರೆ ಸೂಜಿಯೇ ಕಾಣುವುದಿಲ್ಲ. ದಿಕ್ಕು ಬರೆದ ಇಡೀ ತಟ್ಟೆಯೇ ತಿರುಗುತ್ತದೆ, ಕಾಂತಗಳು ಅದರ ಅಡಿಯಲ್ಲಿರುತ್ತವೆ, ಹಡಗಿನ ಮೂತಿ ಯಾವ ಕಡೆಗಿದೆ ಎಂಬುದನ್ನು ಬಟ್ಟಲಿನ ಒಳಗೋಡೆಯ ಒಂದು ಗೆರೆಯ ಎದುರು ಓದಬೇಕು. ಈ ಚಿತ್ರವನ್ನು ಹಾಕಿ ಕೆಳಗೆ 'ಸೂಜಿ ಉತ್ತರಕ್ಕೆ ತೋರುತ್ತದೆ' ಎಂದು ಬರೆದರೆ ಓದುವವರು ಇಲ್ಲದ ಸೂಜಿಯನ್ನು ಹುಡುಕುತ್ತಾ ಕೂರುತ್ತಾರೆ.

ನಕಾಶೆಯ ಮೂಲೆಯಲ್ಲಿ ನಕ್ಷತ್ರದಂತೆ ಬಿಡಿಸಿರುವ ದಿಕ್ಕುಗಳ ಚಕ್ರ ಉಪಕರಣವಲ್ಲ, ಬರೀ ಚಿತ್ರ. ಮೊಬೈಲಿನ ದಿಕ್ಸೂಚಿಯಲ್ಲಿ ಸೂಜಿ ಇಲ್ಲ, ಕಾಂತಕ್ಷೇತ್ರವನ್ನು ಅಳೆಯುವ ಸಂವೇದಕ ಇದೆ. ಪರದೆಯ ಮೇಲಿನ ಸೂಜಿ ಆ ಅಳತೆಯ ಚಿತ್ರಣ ಅಷ್ಟೆ. ವೇಗವಾಗಿ ತಿರುಗುವ ಚಕ್ರದಿಂದ ದಿಕ್ಕು ತಿಳಿಯುವ, ದೊಡ್ಡ ಹಡಗುಗಳ ಗೈರೊ ದಿಕ್ಸೂಚಿಗೂ ಭೂಮಿಯ ಕಾಂತತ್ವಕ್ಕೂ ಸಂಬಂಧವೇ ಇಲ್ಲ.

ಕನ್ನಡಿ ತಪ್ಪು, ತಪ್ಪಿನಂತೆ ಕಾಣುವ ಸರಿ

ಪುಟ ವಿನ್ಯಾಸ ಮಾಡುವವರು ಚಿತ್ರ ಬರಹದ ಕಡೆಗೆ ಮುಖ ಮಾಡಲೆಂದು ಅದನ್ನು ಎಡಬಲ ತಿರುಗಿಸುವುದುಂಟು. ಹೂವಿನ ಫೋಟೊಗೆ ಏನೂ ಆಗುವುದಿಲ್ಲ. ದಿಕ್ಸೂಚಿಯಲ್ಲಿ ಪೂರ್ವ ಪಶ್ಚಿಮವಾಗುತ್ತದೆ. ಉತ್ತರವನ್ನು ಮೇಲಿಟ್ಟು ನೋಡಿ: ಪ್ರದಕ್ಷಿಣೆಯಾಗಿ ಉತ್ತರ, ಪೂರ್ವ, ದಕ್ಷಿಣ, ಪಶ್ಚಿಮ ಬರಬೇಕು, ಅಂಕಿಗಳು 0, 90, 180, 270 ಎಂದು ಅದೇ ದಿಕ್ಕಿನಲ್ಲಿ ಏರಬೇಕು.

ಏರುತ್ತಿಲ್ಲವಾದರೆ ತಕ್ಷಣ ಎಸೆಯಬೇಡಿ. ಅಕ್ಷರದ ಆಕಾರವನ್ನು ಹತ್ತಿರದಿಂದ ನೋಡಿ. ಎನ್ ಅಕ್ಷರದ ಓರೆಗೆರೆ ಎಡಮೇಲಿನಿಂದ ಬಲಕೆಳಕ್ಕೆ ಇಳಿಯಬೇಕು, ಇ ಅಕ್ಷರದ ಮೂರು ಹಲ್ಲುಗಳು ಬಲಕ್ಕೆ ಚಾಚಿರಬೇಕು. ಇವು ಉಲ್ಟಾ ಇದ್ದರೆ ಚಿತ್ರವನ್ನೇ ತಿರುಗಿಸಿದ್ದಾರೆ; ಮತ್ತೊಮ್ಮೆ ತಿರುಗಿಸಿದರೆ ಸರಿಹೋಗುತ್ತದೆ. ಡಬ್ಲ್ಯು ಕನ್ನಡಿಯಲ್ಲೂ ಹಾಗೇ ಕಾಣುವುದರಿಂದ ಅದರಿಂದ ಏನೂ ತಿಳಿಯುವುದಿಲ್ಲ.

ಅಕ್ಷರಗಳೆಲ್ಲ ನೆಟ್ಟಗಿದ್ದು ಪೂರ್ವ ಮತ್ತು ಪಶ್ಚಿಮ ಮಾತ್ರ ಅದಲುಬದಲಾಗಿದ್ದರೆ ಅದು ಸರ್ವೇಯರ್ ದಿಕ್ಸೂಚಿ ಅಥವಾ ಭೂವಿಜ್ಞಾನಿಗಳು ಬಳಸುವ ದಿಕ್ಸೂಚಿ ಇರಬಹುದು, ಮತ್ತು ಅದು ಸರಿ. ಅಲ್ಲಿ ಅಂಕಿಗಳಿರುವ ಡಯಲ್ ಡಬ್ಬಿಗೆ ಅಂಟಿಕೊಂಡಿದೆ, ಸೂಜಿ ಉತ್ತರಕ್ಕೆ ನಿಂತೇ ಇರುತ್ತದೆ. ನೋಟದ ಗೆರೆಯನ್ನು ಪೂರ್ವಕ್ಕೆ ತಿರುಗಿಸಿದಾಗ ಸೂಜಿಯ ತುದಿ ಡಬ್ಬಿಯ ಎಡಬದಿಗೆ ಬಂದು ನಿಲ್ಲುತ್ತದೆ. ಸೂಜಿ ತೋರಿಸುವ ಜಾಗದಲ್ಲೇ ನೇರವಾಗಿ 'ಪೂರ್ವ' ಎಂದು ಓದಲು ಆಗಲೆಂದು ಆ ಅಕ್ಷರವನ್ನು ಎಡಕ್ಕೆ ಕೆತ್ತಿದ್ದಾರೆ. ಸರ್ವೇಯರ್ ದಿಕ್ಸೂಚಿಯಲ್ಲಿ ಉತ್ತರ ಮತ್ತು ದಕ್ಷಿಣ ಎರಡರಲ್ಲೂ 0, ಪೂರ್ವ ಪಶ್ಚಿಮಗಳಲ್ಲಿ 90 ಇರುವುದೂ ತಪ್ಪಲ್ಲ.

ಪ್ರಿಸಂ (ಪ್ರಿಸ್ಮ್ಯಾಟಿಕ್) ದಿಕ್ಸೂಚಿ ಇನ್ನೂ ವಿಚಿತ್ರ. ಅಂಕಿಗಳ ಬಳೆ ಸೂಜಿಗೇ ಅಂಟಿಕೊಂಡಿರುತ್ತದೆ, 0 ಇರುವುದು ದಕ್ಷಿಣ ತುದಿಯಲ್ಲಿ, 90 ಪಶ್ಚಿಮದಲ್ಲಿ, 180 ಉತ್ತರದಲ್ಲಿ, 270 ಪೂರ್ವದಲ್ಲಿ. ಅಂಕಿಗಳೂ ಉಲ್ಟಾ. ಕಾರಣ ಸರಳ: ಓದುವ ಪ್ರಿಸಂ ಕಣ್ಣಿನ ಕಡೆ ಇದೆ. ನೀವು ಉತ್ತರಕ್ಕೆ ನೋಡುವಾಗ ಪ್ರಿಸಂ ಕೆಳಗೆ ಬರುವುದು ಬಳೆಯ ದಕ್ಷಿಣ ಭಾಗ. ಅಲ್ಲಿ 0 ಸಿಗಬೇಕು. ಪ್ರಿಸಂ ಬಿಂಬವನ್ನು ತಿರುಗಿಸುವುದರಿಂದ ಅಂಕಿಗಳನ್ನು ಮೊದಲೇ ಉಲ್ಟಾ ಬರೆದಿರುತ್ತಾರೆ. ಇದನ್ನು ತಿಳಿಯದ ಸಂಪಾದಕರು ಇಂಥ ಚಿತ್ರವನ್ನು 'ಸರಿಪಡಿಸಿ' ಹಾಳು ಮಾಡುತ್ತಾರೆ. ಮೊದಲ ಪಾಠಕ್ಕೆ ಈ ಎರಡೂ ಬಗೆ ಬೇಡ. ಸರ್ವೇಕ್ಷಣೆಯ ಪಾಠಕ್ಕೆ ಇವೇ ಬೇಕು, ಜೊತೆಗೆ ಯಾಕೆ ಹೀಗಿದೆ ಎಂಬ ಎರಡು ಸಾಲಿನ ವಿವರಣೆಯೂ ಬೇಕು.

ಅಕ್ಷರದ ಇನ್ನೊಂದು ಬಲೆ ಭಾಷೆಯದು. ಫ್ರೆಂಚ್ ಮತ್ತು ಸ್ಪ್ಯಾನಿಷ್ ಡಯಲ್‌ನಲ್ಲಿ ಓ ಎಂದರೆ ಪಶ್ಚಿಮ. ಜರ್ಮನ್ ಡಯಲ್‌ನಲ್ಲಿ ಅದೇ ಓ ಪೂರ್ವ. ಓ ಎಡಕ್ಕಿದ್ದರೂ ಸರಿ ಇರಬಹುದು, ಬಲಕ್ಕಿದ್ದರೂ ಸರಿ ಇರಬಹುದು. ಉಳಿದ ಮೂರು ಅಕ್ಷರ ನೋಡಿಯೇ ಹೇಳಬೇಕು.

ಗೀರು ಎಣಿಸಿ

ಬೇಸ್‌ಪ್ಲೇಟ್ ದಿಕ್ಸೂಚಿಗಳಲ್ಲಿ ಸಾಮಾನ್ಯವಾಗಿ ಒಂದು ಗೀರಿನಿಂದ ಇನ್ನೊಂದಕ್ಕೆ 2 ಡಿಗ್ರಿ. ಅಂದರೆ 20ರಿಂದ 40ಕ್ಕೆ 10 ಅಂತರ, 0ಯಿಂದ 90ಕ್ಕೆ 45. ಚಿತ್ರವನ್ನು ದೊಡ್ಡದು ಮಾಡಿ ಎರಡು ಬೇರೆ ಬೇರೆ ಜಾಗದಲ್ಲಿ ಎಣಿಸಿ, ಎರಡೂ ಕಡೆ ಒಂದೇ ಲೆಕ್ಕ ಬರಬೇಕು. ಎಐಯಿಂದ ಮಾಡಿಸಿದ ಚಿತ್ರಗಳು ಸಿಕ್ಕಿಬೀಳುವುದು ಇಲ್ಲೇ: ಒಂದು ಕಡೆ 7 ಗೀರು, ಇನ್ನೊಂದು ಕಡೆ 12, ಎರಡು ಕಡೆ ಎನ್, 360 ದಾಟಿದ ಅಂಕಿ, ಮೂರು ತುದಿಯ ಸೂಜಿ. ಪಾಠಕ್ಕೆ ಎಐ ಚಿತ್ರವನ್ನು ತಿದ್ದಿ ಬಳಸುವುದಕ್ಕಿಂತ ಹೊಸದಾಗಿ ಗೆರೆಚಿತ್ರ ಬಿಡಿಸುವುದೇ ಬೇಗ ಮುಗಿಯುವ ಕೆಲಸ.

ಪೂರ್ವದ ಜಾಗದಲ್ಲಿ 90ರ ಬದಲು 16 ಅಥವಾ 1600 ಇದ್ದರೆ ಅದು ಮಿಲ್ ಎಂಬ ಸೈನಿಕ ಮಾನ. ನೇಟೊ ಪದ್ಧತಿಯಲ್ಲಿ ಇಡೀ ಸುತ್ತಿಗೆ 6400 ಮಿಲ್. 100 ಇದ್ದರೆ ಸುತ್ತಿಗೆ 400 ಭಾಗದ ಗ್ರೇಡಿಯನ್. ಡಿಗ್ರಿ ಕಲಿಸುವ ಪುಟದಲ್ಲಿ ಎರಡೂ ಗೊಂದಲ.

ದಿಕ್ಕುಗಳ ಚಕ್ರದಲ್ಲಿ ಮೊನೆಗಳು 4, 8, 16 ಅಥವಾ 32 ಇರಬೇಕು. 16 ಇದ್ದರೆ ಮೊನೆಯಿಂದ ಮೊನೆಗೆ 22.5 ಡಿಗ್ರಿ, 32 ಇದ್ದರೆ 11.25. ಈಶಾನ್ಯ, ಆಗ್ನೇಯ, ನೈಋತ್ಯ, ವಾಯವ್ಯ ಪ್ರದಕ್ಷಿಣೆಯಾಗಿ ಇದೇ ಕ್ರಮದಲ್ಲಿ ಬರುತ್ತವೆಯೇ ನೋಡಿ. ಆರು ಮೊನೆಯ ನಕ್ಷತ್ರವನ್ನು ದಿಕ್ಚಕ್ರವೆಂದು ಮಾರುವವರೂ ಇದ್ದಾರೆ.

ಸೂಜಿ ಏನು ಹೇಳುತ್ತಿದೆ?

ಡಯಲ್‌ನ ಉತ್ತರಕ್ಕೂ ಸೂಜಿಯ ಕೆಂಪು ತುದಿಗೂ ತಾಳೆ ಇಲ್ಲದ ಫೋಟೊ ತಪ್ಪೆಂದು ತುಂಬ ಜನ ತಿಳಿಯುತ್ತಾರೆ. ಸೂಜಿ ದಿಕ್ಸೂಚಿಯಲ್ಲಿ ಡಬ್ಬಿಯನ್ನು ಹೇಗೆ ಬೇಕಾದರೂ ತಿರುಗಿಸಿ ಇಡಬಹುದು. ಡಬ್ಬಿಯನ್ನು ಇನ್ನೂ ಹೊಂದಿಸಿಲ್ಲ ಎಂದಷ್ಟೇ ಅದರ ಅರ್ಥ. ಮೊದಲ ಪಾಠಕ್ಕೆ ಎರಡೂ ಕೂಡಿರುವ ಚಿತ್ರ, 'ಈಗ ಡಬ್ಬಿಯನ್ನು ತಿರುಗಿಸಿ' ಎನ್ನುವ ಪಾಠಕ್ಕೆ ಕೂಡದ ಚಿತ್ರ. ಎರಡನ್ನೂ ಅಕ್ಕಪಕ್ಕ ಇಟ್ಟರೆ ಪಾಠ ಅರ್ಧ ಮುಗಿದಂತೆಯೇ.

ಈಗಿನ ದಿಕ್ಸೂಚಿಗಳಲ್ಲಿ ಹೆಚ್ಚಾಗಿ ಕೆಂಪು ತುದಿ ಉತ್ತರ, ಬಿಳಿ ಅಥವಾ ಕಪ್ಪು ತುದಿ ದಕ್ಷಿಣ. ಹಳೆಯ ಜೇಬು ದಿಕ್ಸೂಚಿಗಳಲ್ಲಿ ಕಾಯಿಸಿ ನೀಲಿಗೊಳಿಸಿದ ಉಕ್ಕಿನ ತುದಿ ಉತ್ತರವಾಗಿರುವುದುಂಟು. ಯಾವ ತುದಿ ಉತ್ತರ ಎಂದು ಅಡಿಬರಹದಲ್ಲಿ ಹೇಳಲೇಬೇಕು.

ಬೇಸ್‌ಪ್ಲೇಟ್ ದಿಕ್ಸೂಚಿಯ ಚಿತ್ರದಲ್ಲಿ ಮೂರು ಬಾಣಗಳಿರುತ್ತವೆ, ತಪ್ಪು ಹೆಸರು ಬೀಳುವುದು ಇವಕ್ಕೇ. ಒಂದು, ತಳದ ಮೇಲೆ ಅಚ್ಚಾದ ಪಯಣದ ಬಾಣ: ಹೋಗಬೇಕಾದ ಕಡೆ ತೋರಿಸುತ್ತದೆ, ಉತ್ತರವನ್ನಲ್ಲ. ಎರಡು, ತಿರುಗುವ ಡಬ್ಬಿಯ ತಳದಲ್ಲಿ ಬರೆದ ಹೊಂದಿಕೆಯ ಬಾಣ: ಸಾಮಾನ್ಯವಾಗಿ ಸೂಜಿಗಿಂತ ಅಗಲ, ಬರೀ ಅಂಚುಗೆರೆ. ಮೂರು, ತೇಲಾಡುವ ಸೂಜಿ. ಕೆಂಪು ಸೂಜಿ ಆ ಹೊಂದಿಕೆಯ ಬಾಣದ ಒಳಗೆ ಕುಳಿತಾಗ ಓದು ಸರಿ.

ಈಗ ಕೋನಮಾಪಕ ತೆಗೆಯಿರಿ. ಚಿತ್ರದಲ್ಲಿ ಓದುವ ಗೆರೆಯ ಎದುರು 60 ಇದೆ ಎನ್ನೋಣ. ಪಯಣದ ಬಾಣ ಪುಟದ ಮೇಲ್ಭಾಗಕ್ಕೆ ಇದ್ದರೆ ಕೆಂಪು ಸೂಜಿ ಅದರ ಎಡಕ್ಕೆ ಸರಿಯಾಗಿ 60 ಡಿಗ್ರಿ ವಾಲಿರಬೇಕು. ಬಲಕ್ಕೆ ವಾಲಿದ್ದರೆ ಬಿಡಿಸಿದವರು ಲೆಕ್ಕವನ್ನು ಉಲ್ಟಾ ಹಿಡಿದಿದ್ದಾರೆ. ನೇರ ಮೇಲಕ್ಕಿದ್ದರೆ ಸೂಜಿಯನ್ನು ಅಂದಕ್ಕೆ ಹಾಕಿದ್ದಾರೆ. ಈ ಪರೀಕ್ಷೆ ನೇರ ಮೇಲಿನಿಂದ ತೆಗೆದ ಚಿತ್ರಕ್ಕೆ ಮಾತ್ರ. ಓರೆಯಿಂದ ತೆಗೆದಿದ್ದರೆ ವೃತ್ತ ಮೊಟ್ಟೆಯಾಕಾರವಾಗಿ ಕೋನಗಳೆಲ್ಲ ಕೆಡುತ್ತವೆ. ದಿಕ್ಪಾತ (ನಿಜ ಉತ್ತರಕ್ಕೂ ಕಾಂತೀಯ ಉತ್ತರಕ್ಕೂ ನಡುವಿನ ಕೋನ) ಹೊಂದಿಸುವ ತಿರುಪು ಇರುವ ಮಾದರಿಯಲ್ಲಿ ಹೊಂದಿಕೆಯ ಬಾಣ ಡಯಲ್‌ನ ಉತ್ತರದಿಂದ ಕೆಲವು ಡಿಗ್ರಿ ಸರಿದಿರಬಹುದು, ಅದು ದೋಷವಲ್ಲ.

ವ್ಯಕ್ತಿ ದಿಕ್ಸೂಚಿ ಹಿಡಿದಿರುವ ಚಿತ್ರವಾದರೆ: ಎದೆಯ ಅಥವಾ ಸೊಂಟದ ಮಟ್ಟದಲ್ಲಿ, ಸಮತಟ್ಟಾಗಿ, ಪಯಣದ ಬಾಣ ಮೈಯಿಂದ ಆಚೆಗೆ. ಕಾರಿನ ಬಾನೆಟ್ ಮೇಲೆ ನಕಾಶೆ ಹರವಿ ದಿಕ್ಸೂಚಿ ಇಟ್ಟಿರುವ ಚಿತ್ರ ಬಹಳ ಜನಪ್ರಿಯ, ಅಷ್ಟೇ ತಪ್ಪು. ಅಮೆರಿಕದ ಸೇನೆಯ ನಕಾಶೆ ಕೈಪಿಡಿ ಟ್ರಕ್ಕಿನಿಂದ 18 ಮೀಟರ್, ಹೈಟೆನ್ಷನ್ ತಂತಿಯಿಂದ 55 ಮೀಟರ್ ದೂರ ನಿಂತು ಓದಿ ಎನ್ನುತ್ತದೆ.

ಕಾಂತ, ತಂತಿ, ಭೂಮಿ

ದಂಡಕಾಂತದ ಸುತ್ತ ಚಿಕ್ಕ ದಿಕ್ಸೂಚಿಗಳನ್ನು ಜೋಡಿಸಿದ ಚಿತ್ರದಲ್ಲಿ ಮೂರು ಜಾಗ ನೋಡಿದರೆ ಸಾಕು. ಕಾಂತದ ಉತ್ತರ ಧ್ರುವದ ಎದುರು ಸೂಜಿಯ ಉತ್ತರ ತುದಿ ಆಚೆಗೆ ಮುಖ ಮಾಡಿರಬೇಕು. ದಕ್ಷಿಣ ಧ್ರುವದ ಎದುರು ಅದೇ ತುದಿ ಕಾಂತದ ಕಡೆಗೆ. ಕಾಂತದ ನಡುಭಾಗದ ಪಕ್ಕದಲ್ಲಿ ಸೂಜಿಯ ಉತ್ತರ ತುದಿ ಕಾಂತದ ದಕ್ಷಿಣ ಧ್ರುವದ ದಿಕ್ಕಿಗೆ ತಿರುಗಿರಬೇಕು. ಹೆಚ್ಚಿನ ತಪ್ಪು ಈ ಮೂರನೆಯ ಜಾಗದಲ್ಲಿ. ಬಿಡಿಸುವವರು ಸೂಜಿಯನ್ನು ಕಾಂತಕ್ಕೆ ಹೊಂದುವಂತೆ ಅದೇ ಮುಖವಾಗಿ ಹಾಕಿಬಿಡುತ್ತಾರೆ.

ಡೆನ್ಮಾರ್ಕಿನ ವಿಜ್ಞಾನಿ ಏರ್ಸ್ಟೆಡ್ 1820ರಲ್ಲಿ ತೋರಿಸಿದ ವಿದ್ಯುತ್ ತಂತಿಯ ಪ್ರಯೋಗದ ಚಿತ್ರವನ್ನು ಎಡಬಲ ತಿರುಗಿಸಿದರೆ ಭೌತಶಾಸ್ತ್ರವೇ ಸುಳ್ಳಾಗುತ್ತದೆ, ಅಕ್ಷರಗಳಿಲ್ಲದ ಕಾರಣ ಯಾರಿಗೂ ಗೊತ್ತೂ ಆಗುವುದಿಲ್ಲ. ರಟ್ಟನ್ನು ತೂರಿ ವಿದ್ಯುತ್ ಕೆಳಗಿಂದ ಮೇಲಕ್ಕೆ ಹರಿಯುತ್ತಿದ್ದರೆ, ಮೇಲಿಂದ ನೋಡುವವರಿಗೆ ಸೂಜಿಗಳ ಉತ್ತರ ತುದಿಗಳು ಅಪ್ರದಕ್ಷಿಣೆಯಾಗಿ ಸುತ್ತು ಹಾಕಿರಬೇಕು. ಬಲಗೈ ಹೆಬ್ಬೆರಳನ್ನು ವಿದ್ಯುತ್ತಿನ ದಿಕ್ಕಿಗೆ ಹಿಡಿದು ಬೆರಳು ಮಡಿಚಿ ನೋಡಿ. ತಂತಿ ಸೂಜಿಯ ಮೇಲೆ ಮಲಗಿದ್ದು ವಿದ್ಯುತ್ ದಕ್ಷಿಣದಿಂದ ಉತ್ತರಕ್ಕೆ ಹರಿಯುತ್ತಿದ್ದರೆ ಉತ್ತರ ತುದಿ ಪಶ್ಚಿಮಕ್ಕೆ ಸರಿಯಬೇಕು.

ಭೂಮಿಯೊಳಗೆ ದಂಡಕಾಂತ ಇಟ್ಟ ಚಿತ್ರ ಪ್ರತಿ ಪಠ್ಯದಲ್ಲೂ ಇರುತ್ತದೆ. ಭೌಗೋಳಿಕ ಉತ್ತರದ ಕಡೆ ಇರಬೇಕಾದದ್ದು ಆ ಕಾಂತದ ದಕ್ಷಿಣ ಧ್ರುವ. ಸೂಜಿಯ ಉತ್ತರ ತುದಿಯನ್ನು ಸೆಳೆಯುವುದು ಅದೇ. ಬಲರೇಖೆಗಳ ಬಾಣಗಳು ಹೊರಗೆ ಭೌಗೋಳಿಕ ದಕ್ಷಿಣದಿಂದ ಹೊರಟು ಭೌಗೋಳಿಕ ಉತ್ತರದ ಬಳಿ ಒಳಹೋಗಬೇಕು. ಈ ಕಾಂತದ ಅಕ್ಷ ಭೂಮಿಯ ತಿರುಗುವ ಅಕ್ಷಕ್ಕೆ ಸುಮಾರು 10 ಡಿಗ್ರಿ ಓರೆ. ಭೂಮಿಯ ಅಕ್ಷದ 23.4 ಡಿಗ್ರಿ ಓರೆ ಬೇರೆಯದೇ ಸಂಗತಿ, ಎರಡನ್ನೂ ಬೆರೆಸಿದ ಚಿತ್ರಗಳಿವೆ. ಕಾಂತವನ್ನು ಚುಕ್ಕೆಗೆರೆಯಲ್ಲಿ ತೋರಿಸಿದ ಚಿತ್ರ ಸಿಕ್ಕರೆ ಅದನ್ನೇ ಆರಿಸಿ. ನಿಜದಲ್ಲಿ ಅಲ್ಲಿ ಕಾಂತವಿಲ್ಲ, ಸುಮಾರು 2,900 ಕಿಲೊಮೀಟರ್ ಆಳದಿಂದ ಶುರುವಾಗುವ ಕರಗಿದ ಕಬ್ಬಿಣದ ಹೊರತಿರುಳಿನ ಹರಿವು ಈ ಕ್ಷೇತ್ರವನ್ನು ಹುಟ್ಟಿಸುತ್ತದೆ.

ಕಾಂತೀಯ ಉತ್ತರ ಧ್ರುವವನ್ನು ಗುರುತಿಸಿದ ನಕಾಶೆಗೆ ಇಸವಿ ಇರಲೇಬೇಕು. 1831ರಲ್ಲಿ ಬ್ರಿಟಿಷ್ ನಾವಿಕ ಜೇಮ್ಸ್ ಕ್ಲಾರ್ಕ್ ರಾಸ್ ಅದನ್ನು ಕೆನಡಾದ ಬೂಥಿಯಾ ಪರ್ಯಾಯದ್ವೀಪದಲ್ಲಿ ಗುರುತಿಸಿದರು. ಈಗ ಅದು ಆರ್ಕ್ಟಿಕ್ ಸಾಗರ ದಾಟುತ್ತಾ ಸೈಬೀರಿಯಾದ ಕಡೆ ಸರಿದಿದೆ. ದಿಕ್ಪಾತದ ನಕಾಶೆಗಳೂ ಹಾಗೆಯೇ ಹಳತಾಗುತ್ತವೆ. ಅವಕ್ಕೆ ಆಧಾರವಾದ ವರ್ಲ್ಡ್ ಮ್ಯಾಗ್ನೆಟಿಕ್ ಮಾಡೆಲ್ ಅನ್ನು 5 ವರ್ಷಕ್ಕೊಮ್ಮೆ ಹೊಸದು ಮಾಡುತ್ತಾರೆ. ನಿಜ ಉತ್ತರ, ನಕಾಶೆಯ ಜಾಲರಿ ಉತ್ತರ (ಅದರ ಚೌಕಗಳ ಉದ್ದಗೆರೆ ತೋರುವ ಉತ್ತರ), ಕಾಂತೀಯ ಉತ್ತರ ಮೂರನ್ನೂ ತೋರಿಸುವ ಪುಟ್ಟ ಚಿತ್ರದಲ್ಲಿ ಕೋನಗಳನ್ನು ಹಲವು ಬಾರಿ ಅಳತೆಗೆ ಸರಿಯಾಗಿ ಬಿಡಿಸಿರುವುದಿಲ್ಲ. ಅದರ ಮೇಲೆ ಕೋನಮಾಪಕ ಇಟ್ಟು ಅಳೆಯುವ ಚಟುವಟಿಕೆ ಕೊಡಬೇಡಿ.

ಇತಿಹಾಸದ ಚಿತ್ರಗಳು

ಕಂಚಿನ ಚೌಕ ಹಲಗೆಯ ಮೇಲೆ ಕಾಂತಶಿಲೆಯ ಚಮಚ ಇರುವ ಚಿತ್ರಕ್ಕೆ ಚೀನಾದ 'ಹಾನ್ ಕಾಲದ ದಿಕ್ಸೂಚಿ' ಎಂದು ಬರೆಯುವುದು ರೂಢಿ. ಅಂಥ ಮೂಲ ಚಮಚ ಯಾವುದೂ ಸಿಕ್ಕಿಲ್ಲ. ಹಳೆಯ ಬರಹಗಳನ್ನು ಆಧರಿಸಿ 20ನೇ ಶತಮಾನದಲ್ಲಿ ಚೀನಾದ ವಿದ್ವಾಂಸ ವಾಂಗ್ ಝೆಂದುವೊ ಮಾಡಿದ ಪುನಾರಚನೆ ಅದು. 'ಪುನಾರಚಿತ ಮಾದರಿ' ಎಂದು ಬರೆದು ಬಳಸಿ, ಹಿಡಿ ತೋರಿಸುವುದು ದಕ್ಷಿಣವನ್ನು ಎಂಬುದನ್ನೂ ಸೇರಿಸಿ. ಕೈ ಚಾಚಿದ ಬೊಂಬೆಯಿರುವ 'ದಕ್ಷಿಣ ತೋರುವ ರಥ' ಹಲ್ಲುಚಕ್ರಗಳಿಂದ ನಡೆಯುವ ಯಂತ್ರ, ಅದಕ್ಕೆ ಕಾಂತತ್ವದ ಹಂಗಿಲ್ಲ. ಚೀನಾದ ಪಂಡಿತ ಶೆನ್ ಕುವೊ 1088ರ ಸುಮಾರಿಗೆ ಬರೆದ ಕಾಂತಸೂಜಿಯ ವಿವರಣೆಗೆ ನೀರಲ್ಲಿ ತೇಲುವ ಅಥವಾ ದಾರದಲ್ಲಿ ತೂಗುವ ಸೂಜಿಯ ಗೆರೆಚಿತ್ರ ಹೊಂದುತ್ತದೆ. ಕೊಲಂಬಸನ ಕೈಗೆ ಪಾರದರ್ಶಕ ತಳದ ದಿಕ್ಸೂಚಿ ಕೊಡಬೇಡಿ, ಅದು 20ನೇ ಶತಮಾನದ್ದು. ಇಸವಿ ಕೆತ್ತಿದ ಹಿತ್ತಾಳೆ ದಿಕ್ಸೂಚಿಗಳಲ್ಲಿ ಎಷ್ಟೋ ಈಚೆಗೆ ಅಲಂಕಾರಕ್ಕೆಂದು ಮಾಡಿದವು. ಸಂಗ್ರಹಾಲಯದ ದಾಖಲೆ ಸಂಖ್ಯೆ ಇಲ್ಲದೆ ಕೆತ್ತಿದ ಇಸವಿಯನ್ನು ನಂಬುವಂತಿಲ್ಲ.

ನೀವೇ ಫೋಟೊ ತೆಗೆಯುವುದಾದರೆ

ಬೇಕಾದ ಚಿತ್ರ ಸಿಗದಿದ್ದರೆ ಇದೇ ಸುಲಭ. ಮರದ ಮೇಜು ಆರಿಸಿ, ಅಡಿಯಲ್ಲಿ ಉಕ್ಕಿನ ಚೌಕಟ್ಟು ಇಲ್ಲವೆಂದು ನೋಡಿಕೊಳ್ಳಿ. ಬಲವಾದ ಕಾಂತದ ಪಕ್ಕ ಇದ್ದ ಸೂಜಿಯ ಧ್ರುವಗಳು ಅದಲುಬದಲಾಗಿರಬಹುದು, ಆದ್ದರಿಂದ ಇನ್ನೊಂದು ದಿಕ್ಸೂಚಿಯೊಡನೆ ಹೋಲಿಸಿ. ಎರಡನ್ನೂ ಹತ್ತಿರ ಹತ್ತಿರ ಇಡದೆ ಒಂದಾದ ಮೇಲೊಂದು. ಆಮೇಲೆ ಫೋನನ್ನು ಮೆಲ್ಲಗೆ ಹತ್ತಿರ ತರುತ್ತಾ ಸೂಜಿಯನ್ನೇ ನೋಡಿ. ಫೋನಿನ ಸ್ಪೀಕರಿನಲ್ಲಿ ಕಾಂತವಿದೆ. ಸೂಜಿ ಅಲುಗಿದ ಜಾಗದಿಂದ ಸಾಕಷ್ಟು ಹಿಂದೆ ಸರಿದು ಜೂಮ್ ಮಾಡಿ ತೆಗೆಯಿರಿ. ಕ್ಯಾಮೆರಾ ನೆಟ್ಟಗೆ ಮೇಲಿರಲಿ, ಇಲ್ಲವಾದರೆ ಸೂಜಿ ಮತ್ತು ಗೀರಿನ ನಡುವಿನ ಎತ್ತರದಿಂದ ಓದು ತಪ್ಪುತ್ತದೆ. ಗಾಜಿನ ಹೊಳಪು ಹೋಗಲೆಂದು ದಿಕ್ಸೂಚಿಯನ್ನು ಓರೆ ಮಾಡಬೇಡಿ, ದೀಪವನ್ನು ಸರಿಸಿ. ದ್ರವದಲ್ಲಿ ದೊಡ್ಡ ಗುಳ್ಳೆ ಇದ್ದರೆ ಬೇರೆ ದಿಕ್ಸೂಚಿ ಹುಡುಕಿ.

ಅಚ್ಚಿಗೆ ಮುನ್ನ

4 ಸೆಂಟಿಮೀಟರ್ ಅಗಲದ ಡಯಲ್‌ನ ಸುತ್ತಳತೆ ಸುಮಾರು 12.6 ಸೆಂಟಿಮೀಟರ್. ಅದರಲ್ಲಿ 180 ಗೀರು ಎಂದರೆ ಗೀರಿನಿಂದ ಗೀರಿಗೆ 0.7 ಮಿಲಿಮೀಟರ್, ನೆರಳಚ್ಚಿನಲ್ಲಿ ಅವೆಲ್ಲ ಕಲಸಿಹೋಗುತ್ತವೆ. ಗೀರು ಓದಿಸುವ ಚಟುವಟಿಕೆಯಾದರೆ ಡಯಲ್ 8 ಸೆಂಟಿಮೀಟರ್‌ಗೆ ಕಡಿಮೆ ಬೇಡ. 300 ಡಿಪಿಐ (ಇಂಚಿಗೆ 300 ಚುಕ್ಕೆ) ಅಚ್ಚಿಗೆ ಆ ಅಗಲಕ್ಕೆ ಸುಮಾರು 945 ಪಿಕ್ಸೆಲ್ ಬೇಕು, ಅದೂ ಡಯಲ್ ಒಂದಕ್ಕೇ.

ಕೆಂಪು ಮತ್ತು ಕಪ್ಪು ಕಪ್ಪುಬಿಳುಪಿನಲ್ಲಿ ಹೆಚ್ಚುಕಡಿಮೆ ಒಂದೇ ಆಗುತ್ತವೆ, ಕೆಂಪು ನೀಲಿಯೂ ಹಾಗೇ. ಗೆರೆಚಿತ್ರದಲ್ಲಿ ಉತ್ತರ ತುದಿಯನ್ನು ತುಂಬಿ, ದಕ್ಷಿಣ ತುದಿಯನ್ನು ಖಾಲಿ ಬಿಡಿ. ಬಣ್ಣ ಹೋದರೂ ಅರ್ಥ ಉಳಿಯುತ್ತದೆ.

ಹೆಸರು ಬರೆಯುವಾಗ ಫೋಟೊದ ಮೂಲ ಅಕ್ಷರಗಳನ್ನು ಅಳಿಸಬೇಡಿ. ಕಲಿಯುವವರು ಕೈಗೆತ್ತಿಕೊಳ್ಳುವ ದಿಕ್ಸೂಚಿಯಲ್ಲಿ ಅವೇ ಇರುತ್ತವೆ. ಕನ್ನಡವನ್ನು ವೃತ್ತದ ಹೊರಗೆ ಹಾಕಿ. ಉ, ಪೂ, ದ, ಪ ಎಂದು ಚುಟುಕಾಗಿ ಬರೆದರೆ ಸಣ್ಣ ಅಕ್ಷರದಲ್ಲಿ ಪೂ ಮತ್ತು ಪ ಒಂದೇ ರೀತಿ ಕಾಣುತ್ತವೆ. ಜಾಗವಿದ್ದರೆ ಪೂರ್ವ, ಪಶ್ಚಿಮ ಎಂದು ಪೂರ್ತಿ ಬರೆಯಿರಿ. ಹೆಸರಿನ ಗೆರೆ ಆ ಭಾಗವನ್ನು ಮುಟ್ಟಿ ಚುಕ್ಕೆಯಲ್ಲಿ ನಿಲ್ಲಬೇಕು, ಏಕೆಂದರೆ ಸೂಜಿ ಮತ್ತು ಹೊಂದಿಕೆಯ ಬಾಣ ಒಂದರ ಮೇಲೊಂದು ಇರುತ್ತವೆ.

ಪರವಾನಗಿಯಲ್ಲಿ ಮುಖ್ಯವಾಗಿ ನೋಡಬೇಕಾದ್ದು ಬದಲಾವಣೆಯ ಅನುಮತಿ. ಕ್ರಿಯೇಟಿವ್ ಕಾಮನ್ಸ್‌ನ 'ನೋ ಡೆರಿವೇಟಿವ್ಸ್' ಚಿತ್ರಗಳ ಮೇಲೆ ಹೆಸರು, ಬಾಣ ಸೇರಿಸಿ ಹಂಚುವ ಯೋಚನೆ ಬಿಡಿ. 'ಶೇರ್ ಅಲೈಕ್' ಆದರೆ ನೀವು ತಿದ್ದಿದ ಚಿತ್ರವನ್ನೂ ಅದೇ ಪರವಾನಗಿಯಲ್ಲಿ ಕೊಡಬೇಕು. ಚಿತ್ರದ ಹೆಸರು, ತೆಗೆದವರು, ಸಿಕ್ಕ ಜಾಗ, ಪರವಾನಗಿ, ನೀವು ಮಾಡಿದ ಬದಲಾವಣೆ ಇವನ್ನು ಚಿತ್ರ ಇಳಿಸಿಕೊಂಡ ದಿನವೇ ಬರೆದಿಟ್ಟುಕೊಳ್ಳಿ.

ಕಾಣದವರಿಗಾಗಿ ಬರೆಯುವ ಪರ್ಯಾಯ ಪಠ್ಯದಲ್ಲಿ 'ದಿಕ್ಸೂಚಿಯ ಚಿತ್ರ' ಎಂದಷ್ಟೇ ಬರೆದರೆ ಏನೂ ಹೇಳಿದಂತಾಗುವುದಿಲ್ಲ. 'ಮೇಲಿನಿಂದ ನೋಡಿದ ಬೇಸ್‌ಪ್ಲೇಟ್ ದಿಕ್ಸೂಚಿ. ಪಯಣದ ಬಾಣ ಮೇಲಕ್ಕೆ. ಓದು 60 ಡಿಗ್ರಿ. ಸೂಜಿಯ ಕೆಂಪು ತುದಿ ಬಾಣದ ಎಡಕ್ಕೆ 60 ಡಿಗ್ರಿಯಲ್ಲಿದೆ' ಎಂದು ಬರೆಯಿರಿ. ಇದನ್ನು ಬರೆಯಲು ಕೂತಾಗಲೇ ಚಿತ್ರದ ಎಷ್ಟೋ ತಪ್ಪುಗಳು ಹೊರಬೀಳುತ್ತವೆ.

ಕರಡು ಪುಟ ಕೈಗೆ ಬಂದಾಗ ಎನ್ ಮತ್ತು ಇ ಅಕ್ಷರಗಳನ್ನು ಇನ್ನೊಮ್ಮೆ ನೋಡಿ. ವಿನ್ಯಾಸದ ಮೇಜಿನಿಂದ ವಾಪಸು ಬರುವಾಗ ಚಿತ್ರ ಮತ್ತೆ ತಿರುಗಿರುವುದುಂಟು.